ಅಂತರ್ಯುದ್ಧ ಮುಗಿದ ಮೇಲಿನ ಅಮೆರಿಕ: ಶಿಕಾಗೋದ ಪುಲ್‌ಮನ್ ರಾಷ್ಟ್ರೀಯ ಐತಿಹಾಸಿಕ ಉದ್ಯಾನದ ವಿಮರ್ಶೆ

ಅಮೆರಿಕದ ಅಂತರ್ಯುದ್ಧದ ಬಗ್ಗೆ ಆಸಕ್ತಿಯುಳ್ಳ ಪ್ರವಾಸಿಗರು ಸಾಮಾನ್ಯವಾಗಿ ಗೆಟಿಸ್‌ಬರ್ಗ್‌ನಂಥ ರಣಭೂಮಿಗಳಿಗೆ ಹೋಗುತ್ತಾರೆ. ಯುದ್ಧ ಹೇಗೆ ನಡೆಯಿತು, ಯಾವ ದಿಬ್ಬದ ಮೇಲೆ ಯಾವ ಪಡೆ ನಿಂತಿತ್ತು ಎಂಬುದು ಅಲ್ಲಿ ಚೆನ್ನಾಗಿ ತಿಳಿಯುತ್ತದೆ. ಆದರೆ 1865ರಲ್ಲಿ ಬಂದೂಕುಗಳು ಸುಮ್ಮನಾದ ಮೇಲೆ ಆ ದೇಶ ಯಾವ ದಾರಿ ಹಿಡಿಯಿತು, ಕೃಷಿಯೇ ಪ್ರಧಾನವಾಗಿದ್ದ ನಾಡು ಮೂವತ್ತು ವರ್ಷಗಳಲ್ಲಿ ಜಗತ್ತಿನ ಅತಿ ದೊಡ್ಡ ಕೈಗಾರಿಕಾ ಶಕ್ತಿಯಾಗಿ ಹೇಗೆ ಬೆಳೆಯಿತು, ಆ ಬೆಳವಣಿಗೆಯಲ್ಲಿ ಯಾರ ಪಾಲಿಗೆ ಏನು ದಕ್ಕಿತು ಎಂಬ ಪ್ರಶ್ನೆಗಳಿಗೆ ರಣಭೂಮಿ ಉತ್ತರ ಕೊಡುವುದಿಲ್ಲ. ಆ ಉತ್ತರವನ್ನು ಹುಡುಕುವವರಿಗೆ ನಾನು ಹಿಂಜರಿಕೆಯಿಲ್ಲದೆ ಸೂಚಿಸುವ ಜಾಗ ಶಿಕಾಗೋ ನಗರದ ದಕ್ಷಿಣ ಭಾಗದಲ್ಲಿರುವ ಪುಲ್‌ಮನ್ ರಾಷ್ಟ್ರೀಯ ಐತಿಹಾಸಿಕ ಉದ್ಯಾನ.

ಉದ್ಯಾನ ಎಂಬ ಹೆಸರು ಕೇಳಿ ಹುಲ್ಲುಹಾಸು, ಹೂವಿನ ಪಾತಿಗಳನ್ನು ನಿರೀಕ್ಷಿಸಬಾರದು. ಇದು ಒಂದು ಕಾರ್ಖಾನೆ ಮತ್ತು ಆ ಕಾರ್ಖಾನೆಗಾಗಿಯೇ ಕಟ್ಟಿದ ಒಂದು ಊರು. ಜಾರ್ಜ್ ಪುಲ್‌ಮನ್ ಎಂಬ ಉದ್ಯಮಿ ರೈಲಿನ ಸ್ಲೀಪರ್ ಬೋಗಿಗಳನ್ನು ತಯಾರಿಸಲು 1880ರಿಂದ 1884ರ ನಡುವೆ ಇದನ್ನು ಕಟ್ಟಿಸಿದ. ಸೋಲನ್ ಬೀಮನ್ ಎಂಬ ತರುಣ ವಾಸ್ತುಶಿಲ್ಪಿ ಕಟ್ಟಡಗಳನ್ನೂ ನೇಥನ್ ಬ್ಯಾರೆಟ್ ಬೀದಿ, ತೋಟಗಳನ್ನೂ ರೂಪಿಸಿದರು. 2015ರ ಫೆಬ್ರವರಿಯಲ್ಲಿ ಅಧ್ಯಕ್ಷ ಬರಾಕ್ ಒಬಾಮ ಇದನ್ನು ರಾಷ್ಟ್ರೀಯ ಸ್ಮಾರಕವೆಂದು ಘೋಷಿಸಿದ; 2022ರ ಕೊನೆಯಲ್ಲಿ ಇದಕ್ಕೆ ರಾಷ್ಟ್ರೀಯ ಐತಿಹಾಸಿಕ ಉದ್ಯಾನದ ಸ್ಥಾನಮಾನ ಸಿಕ್ಕಿತು. ಗಡಿಯಾರ ಗೋಪುರವಿರುವ ಹಳೆಯ ಆಡಳಿತ ಕಚೇರಿಯನ್ನು ದುರಸ್ತಿ ಮಾಡಿ 2021ರಲ್ಲಿ ಸಂದರ್ಶಕರ ಕೇಂದ್ರವಾಗಿ ತೆರೆಯಲಾಗಿದೆ. ಪ್ರವೇಶ ಶುಲ್ಕವಿಲ್ಲ.

ಇಲ್ಲಿಗೆ ಹೋಗುವ ಮೊದಲು ಸ್ವಲ್ಪ ಹಿನ್ನೆಲೆಯನ್ನು ತಿಳಿದುಕೊಂಡಿದ್ದರೆ ನೋಡುವುದಕ್ಕೆಲ್ಲ ಬೇರೆಯೇ ತೂಕ ಬರುತ್ತದೆ. 1860-61ರಲ್ಲಿ ದಕ್ಷಿಣದ ರಾಜ್ಯಗಳು ಒಕ್ಕೂಟದಿಂದ ಹೊರನಡೆದಾಗ ಅವುಗಳ ಪ್ರತಿನಿಧಿಗಳು ವಾಷಿಂಗ್ಟನ್ನಿನ ಸಂಸತ್ತನ್ನೂ ಬಿಟ್ಟುಹೋದರು. ಹತ್ತಾರು ವರ್ಷಗಳಿಂದ ಅವರು ತಡೆಹಿಡಿದಿದ್ದ ಕಾನೂನುಗಳು ಆ ಖಾಲಿ ಕುರ್ಚಿಗಳ ನಡುವೆ ಒಂದರ ಹಿಂದೊಂದರಂತೆ ಅಂಗೀಕಾರವಾದವು. ಆಮದಿನ ಮೇಲೆ ಹೆಚ್ಚಿನ ಸುಂಕ ಹೇರುವ ಕಾನೂನು, ಪಶ್ಚಿಮದ ಭೂಮಿಯನ್ನು ಸಾಗುವಳಿದಾರರಿಗೆ ಹಂಚುವ 1862ರ ಹೋಮ್‌ಸ್ಟೆಡ್ ಕಾನೂನು, ಖಂಡದ ಆಚೆ ತುದಿಯವರೆಗೆ ರೈಲುಹಳಿ ಹಾಕುವ ಕಂಪನಿಗಳಿಗೆ ಸರ್ಕಾರಿ ಭೂಮಿಯನ್ನೂ ಸಾಲಪತ್ರಗಳನ್ನೂ ಕೊಡುವ ಅದೇ ವರ್ಷದ ಪೆಸಿಫಿಕ್ ರೈಲ್ವೆ ಕಾನೂನು, ದೇಶಕ್ಕೆಲ್ಲ ಒಂದೇ ಬಗೆಯ ನೋಟನ್ನು ತಂದ 1863 ಮತ್ತು 1864ರ ಬ್ಯಾಂಕಿಂಗ್ ಕಾನೂನುಗಳು ಇವೆಲ್ಲ ಯುದ್ಧಕಾಲದ ಕೂಸುಗಳು. ಯುದ್ಧ ಗುಲಾಮಗಿರಿಯನ್ನು ಕೊನೆಗೊಳಿಸಿದ್ದರ ಜೊತೆಗೆ, ಉತ್ತರದ ಕೈಗಾರಿಕೋದ್ಯಮಿಗಳಿಗೆ ಬೇಕಾಗಿದ್ದ ರಾಜ್ಯವ್ಯವಸ್ಥೆಯನ್ನೂ ಕಟ್ಟಿಕೊಟ್ಟಿತು. 1865ರಲ್ಲಿ ಸುಮಾರು 35,000 ಮೈಲಿಗಳಷ್ಟಿದ್ದ ರೈಲುಮಾರ್ಗ 1900ರ ವೇಳೆಗೆ 1,90,000 ಮೈಲಿಗಳನ್ನು ದಾಟಿತ್ತು. ಪುಲ್‌ಮನ್ ತನ್ನ ಕಂಪನಿಯನ್ನು ಸ್ಥಾಪಿಸಿದ್ದು 1867ರಲ್ಲಿ. ಪೂರ್ವ ಪಶ್ಚಿಮದ ಹಳಿಗಳು ಯೂಟಾದ ಪ್ರಾಮಂಟರಿಯಲ್ಲಿ ಕೂಡಿಕೊಂಡದ್ದು 1869ರ ಮೇ 10ರಂದು. ದಿನಗಟ್ಟಲೆ ಸಾಗುವ ರೈಲುಗಳಲ್ಲಿ ಜನ ಮಲಗಿ ನಿದ್ರಿಸಬೇಕು ಎಂಬ ಅಗತ್ಯ ಹುಟ್ಟಿದ ಹೊತ್ತಿಗೆ ಸರಿಯಾಗಿ ಆತನ ಬೋಗಿಗಳು ಸಿದ್ಧವಾಗಿದ್ದವು.

ಆತನ ವ್ಯವಹಾರದ ಜಾಣ್ಮೆ ಬೋಗಿಗಳ ಅಂದಚೆಂದದಷ್ಟೇ ಅವುಗಳನ್ನು ನಡೆಸುವ ರೀತಿಯಲ್ಲೂ ಇತ್ತು. ಪುಲ್‌ಮನ್ ಕಂಪನಿ ತನ್ನ ಸ್ಲೀಪರ್ ಬೋಗಿಗಳನ್ನು ರೈಲ್ವೆಗಳಿಗೆ ಮಾರುತ್ತಿರಲಿಲ್ಲ. ಒಪ್ಪಂದ ಮಾಡಿಕೊಂಡು ಅವುಗಳನ್ನು ಬೇರೆ ಬೇರೆ ರೈಲ್ವೆಗಳ ಗಾಡಿಗಳಿಗೆ ಜೋಡಿಸಿ, ತನ್ನದೇ ಸಿಬ್ಬಂದಿಯನ್ನು ಇಟ್ಟು, ಪ್ರಯಾಣಿಕರಿಂದ ಹೆಚ್ಚುವರಿ ದರವನ್ನು ತಾನೇ ಪಡೆಯುತ್ತಿತ್ತು. ಹೀಗೆ ಒಂದೇ ಕಂಪನಿಯೊಳಗೆ ಎರಡು ಕಾರ್ಮಿಕ ಲೋಕಗಳು ಬೆಳೆದವು: ಬೋಗಿಗಳನ್ನು ತಯಾರಿಸುವವರದು ಒಂದು, ಓಡುವ ಬೋಗಿಗಳಲ್ಲಿ ಪ್ರಯಾಣಿಕರ ಸೇವೆ ಮಾಡುವ ಪೋರ್ಟರ್‌ಗಳದು ಇನ್ನೊಂದು. ಮೊದಲನೆಯವರು ಬಹುತೇಕ ಬಿಳಿಯರು, ಅವರಲ್ಲಿ ಹಲವರು ಸ್ವೀಡನ್, ಜರ್ಮನಿ, ಐರ್ಲೆಂಡ್, ಹಾಲೆಂಡ್‌ಗಳಿಂದ ವಲಸೆ ಬಂದವರು. ಎರಡನೆಯವರು ಕಪ್ಪು ಜನ, ಆರಂಭದ ದಿನಗಳಲ್ಲಿ ಆಗತಾನೇ ಗುಲಾಮಗಿರಿಯಿಂದ ಬಿಡುಗಡೆಯಾದವರು. ಈ ತಾಣದ ಮೌಲ್ಯವಿರುವುದು ಈ ಎರಡೂ ಲೋಕಗಳನ್ನು ಒಟ್ಟಿಗೆ ಎದುರಿಗಿಡುವುದರಲ್ಲಿ ಎಂಬುದು ನನ್ನ ಅಭಿಪ್ರಾಯ. ಒಂದನ್ನು ಮಾತ್ರ ನೋಡಿ ಬಂದವರು ಅರ್ಧ ಕಥೆಯನ್ನು ಕೇಳಿ ಬಂದಂತೆ.

ಗಡಿಯಾರ ಗೋಪುರದ ಕಟ್ಟಡ ಕೆಂಪು ಇಟ್ಟಿಗೆಯದು. ಊರಿನ ಹೆಚ್ಚಿನ ಕಟ್ಟಡಗಳಿಗೆ ಬೇಕಾದ ಇಟ್ಟಿಗೆಯನ್ನು ಪಕ್ಕದ ಕ್ಯಾಲುಮೆಟ್ ಸರೋವರದ ಜೇಡಿಮಣ್ಣಿನಿಂದಲೇ ಸುಡಲಾಗಿತ್ತು. 1998ರ ಡಿಸೆಂಬರ್ 1ರಂದು ಯಾರೋ ಹಚ್ಚಿದ ಬೆಂಕಿಯಲ್ಲಿ ಗೋಪುರ ಸುಟ್ಟುಹೋಗಿ, ಈಗ ನಾವು ನೋಡುವುದು ಮರುನಿರ್ಮಿಸಿದ ಗೋಪುರ. ಅದು ಮರುನಿರ್ಮಾಣವೆಂದು ತಿಳಿದ ಮೇಲೂ ಕಟ್ಟಡದ ಮುಂದೆ ನಿಂತಾಗ ಆಗುವ ಪರಿಣಾಮ ಕಡಿಮೆಯಾಗುವುದಿಲ್ಲ. ಕಾರ್ಖಾನೆಯ ಗಡಿಯಾರವು ಊರಿನ ಯಾವ ಚರ್ಚಿನ ಶಿಖರಕ್ಕೂ ಸೋಲದಂತೆ ಎದ್ದು ಕಾಣಬೇಕೆಂದು ಕಟ್ಟಿದವರು ಬಯಸಿದ್ದರು ಎಂಬುದು ನೋಡಿದೊಡನೆ ಅನಿಸುತ್ತದೆ. ಅಮೆರಿಕದ ರೈಲ್ವೆಗಳು ಸ್ಥಳೀಯ ಸೂರ್ಯಮಾನವನ್ನು ಬಿಟ್ಟು ದೇಶವನ್ನು ಕಾಲವಲಯಗಳಾಗಿ ವಿಂಗಡಿಸಿದ್ದು 1883ರ ನವೆಂಬರ್ 18ರಂದು, ಅಂದರೆ ಈ ಊರು ಇನ್ನೂ ಕಟ್ಟುತ್ತಿದ್ದಾಗ. ಸರ್ಕಾರದ ಕಾನೂನಿಗಾಗಿ ಕಾಯದೆ ಕಂಪನಿಗಳೇ ತೆಗೆದುಕೊಂಡ ಆ ತೀರ್ಮಾನವನ್ನು ಸಂಸತ್ತು ಕಾನೂನಾಗಿ ಒಪ್ಪಿದ್ದು 1918ರಲ್ಲಿ.

ಒಳಗಿನ ಪ್ರದರ್ಶನ ಕಂಪನಿ, ಊರು, ಕಾರ್ಮಿಕರು, ಮುಷ್ಕರ, ಪೋರ್ಟರ್‌ಗಳು ಎಲ್ಲರ ಕಥೆಯನ್ನೂ ಹೇಳುತ್ತದೆ. ಆದರೆ ಇಲ್ಲಿ ಇಲ್ಲದ ಒಂದು ವಸ್ತುವಿನ ಬಗ್ಗೆ ನಾನು ಹೆಚ್ಚು ಹೇಳಬೇಕು, ಏಕೆಂದರೆ ಅದನ್ನು ಕಲ್ಪಿಸಿಕೊಳ್ಳದೆ ಈ ಕಾರ್ಖಾನೆ ಅರ್ಥವಾಗುವುದಿಲ್ಲ. ರೋಡ್ ಐಲೆಂಡಿನ ಜಾರ್ಜ್ ಕಾರ್ಲಿಸ್ ತಯಾರಿಸಿದ ದೈತ್ಯ ಹಬೆಯಂತ್ರವೊಂದು 1876ರಲ್ಲಿ ಫಿಲಡೆಲ್ಫಿಯಾದ ಶತಮಾನೋತ್ಸವ ಪ್ರದರ್ಶನದ ಯಂತ್ರಭವನದ ಮಧ್ಯದಲ್ಲಿ ನಿಂತಿತ್ತು. ಸುಮಾರು 1,400 ಅಶ್ವಶಕ್ತಿಯ ಆ ಯಂತ್ರವೊಂದೇ ಭವನದ ನೂರಾರು ಯಂತ್ರಗಳನ್ನು ತಿರುಗಿಸುತ್ತಿತ್ತು. ಮೇ 10ರಂದು ಅದಕ್ಕೆ ಚಾಲನೆ ಕೊಟ್ಟವರು ಬ್ರೆಜಿಲ್‌ನ ಚಕ್ರವರ್ತಿ ಎರಡನೆಯ ಪೆಡ್ರೋ ಮತ್ತು ಅಮೆರಿಕದ ಅಧ್ಯಕ್ಷ ಯುಲಿಸಿಸ್ ಗ್ರಾಂಟ್. ಹನ್ನೊಂದು ವರ್ಷಗಳ ಹಿಂದೆ ದಕ್ಷಿಣದ ಸೇನಾಪತಿ ಲೀಯ ಶರಣಾಗತಿಯನ್ನು ಸ್ವೀಕರಿಸಿದ್ದ ಅದೇ ಗ್ರಾಂಟ್ ಈಗ ಯಂತ್ರದ ಕವಾಟವನ್ನು ತಿರುಗಿಸಿದ. ಪ್ರದರ್ಶನ ಮುಗಿದ ನಂತರ ಪುಲ್‌ಮನ್ ಆ ಯಂತ್ರವನ್ನು ಕೊಂಡು ಇಲ್ಲಿಗೆ ತರಿಸಿದ, ಮತ್ತು 1910ರವರೆಗೆ ಈ ಕಾರ್ಖಾನೆಯನ್ನು ನಡೆಸಿದ್ದು ಅದೇ. ಆಮೇಲೆ ಅದನ್ನು ಗುಜರಿಗೆ ಹಾಕಿದರು. ಅಂಗಳದಲ್ಲಿ ನಡೆಯುವಾಗ ಆ ಯಂತ್ರವಿದ್ದ ಕಾಲವನ್ನು ನೆನೆಸಿಕೊಳ್ಳಿ. ರಾಷ್ಟ್ರದ ನೂರು ವರ್ಷಗಳ ಹೆಮ್ಮೆಯನ್ನು ಸಾರಲು ಮಾಡಿದ ಯಂತ್ರ, ಒಬ್ಬ ಮಾಲೀಕನ ಕಾರ್ಖಾನೆಯಲ್ಲಿ ದಿನವೂ ಸಾವಿರಾರು ಜನರ ಕೆಲಸದ ವೇಗವನ್ನು ನಿರ್ಧರಿಸುವ ಯಂತ್ರವಾದದ್ದು ಆ ಕಾಲದ ಅಮೆರಿಕವನ್ನು ಯಾವ ಅಂಕಿಅಂಶಕ್ಕಿಂತಲೂ ಚೆನ್ನಾಗಿ ತಿಳಿಸುತ್ತದೆ.

ಕಾರ್ಖಾನೆಯಿಂದ ಹೊರಬಂದು 111ನೆಯ ಬೀದಿಯನ್ನು ದಾಟಿದರೆ ಊರು ಆರಂಭವಾಗುತ್ತದೆ. ಮೊದಲು ಕಾಣುವುದು ಫ್ಲಾರೆನ್ಸ್ ಹೋಟೆಲು. ಪುಲ್‌ಮನ್ ತನ್ನ ಮಗಳ ಹೆಸರಿಟ್ಟು 1881ರಲ್ಲಿ ತೆರೆದದ್ದು. ಊರಿನಲ್ಲಿ ಮದ್ಯ ಸಿಗುತ್ತಿದ್ದುದು ಇಲ್ಲಿ ಮಾತ್ರ, ಮತ್ತು ಇದು ಅತಿಥಿಗಳಿಗೆ, ಅಧಿಕಾರಿಗಳಿಗೆ ಮೀಸಲಾದ ಜಾಗವೇ ಹೊರತು ಬಡಗಿಗಳಿಗೆ, ಬಣ್ಣ ಹಚ್ಚುವವರಿಗೆ ತೆರೆದಿದ್ದ ಜಾಗವಲ್ಲ. ಕಾರ್ಖಾನೆಗೆ ಹತ್ತಿರದ ಸಾಲಿನಲ್ಲಿ ಅಧಿಕಾರಿಗಳ ದೊಡ್ಡ ಮನೆಗಳು, ನಂತರ ಮೇಲ್ವಿಚಾರಕರ ಮನೆಗಳು, ಆಮೇಲೆ ಕಾರ್ಮಿಕರ ಒಂದಕ್ಕೊಂದು ಅಂಟಿದ ಸಾಲುಮನೆಗಳು. ಮನೆಯ ಅಗಲ, ಮುಂಬಾಗಿಲಿನ ಕಮಾನು, ಮೆಟ್ಟಿಲಿನ ಕಲ್ಲು ಇಷ್ಟನ್ನು ಗಮನಿಸಿದರೆ ಆ ಮನೆಯಲ್ಲಿದ್ದವನ ಸಂಬಳ ಎಷ್ಟಿರಬಹುದು ಎಂದು ಊಹಿಸಬಹುದು. ಸಮಾಜದ ಶ್ರೇಣಿಯನ್ನು ಇಷ್ಟು ಸ್ಪಷ್ಟವಾಗಿ ಇಟ್ಟಿಗೆಯಲ್ಲಿ ಬರೆದಿಟ್ಟ ಇನ್ನೊಂದು ಬಡಾವಣೆಯನ್ನು ನಾನು ನೋಡಿಲ್ಲ.

ಊರು ಸುಂದರವಾಗಿದೆ ಎಂಬುದನ್ನು ಒಪ್ಪಲೇಬೇಕು. ಆ ಕಾಲದ ಕಾರ್ಮಿಕ ಕೇರಿಗಳಲ್ಲಿ ಕಾಣದಿದ್ದ ನಲ್ಲಿ ನೀರು, ಗ್ಯಾಸ್ ದೀಪ, ಮನೆಯೊಳಗಿನ ಶೌಚಾಲಯ ಇಲ್ಲಿದ್ದವು. ಹಿಂಬದಿಯಲ್ಲಿ ಕಸ ಸಾಗಿಸಲು ಓಣಿಗಳಿದ್ದವು. ಚರಂಡಿಯ ನೀರನ್ನು ಕಂಪನಿಯ ಹೊಲಕ್ಕೆ ಹಾಯಿಸಲಾಗುತ್ತಿತ್ತು. ಪೆನ್ಸಿಲ್ವೇನಿಯಾದಿಂದ ತರಿಸಿದ ಹಸಿರು ಕಲ್ಲಿನ ಚರ್ಚು ಈಗಲೂ ನಿಂತಿದೆ. ಆದರೆ ಆ ಚರ್ಚಿಗೂ ಬಾಡಿಗೆ ಇತ್ತು. ಬಾಡಿಗೆ ದುಬಾರಿಯಾದ್ದರಿಂದ ಯಾವ ಪಂಗಡವೂ ಮುಂದೆ ಬಾರದೆ ಕಟ್ಟಿದ ಮೇಲೆ ಕೆಲವು ವರ್ಷ ಅದು ಖಾಲಿ ಬಿದ್ದಿತ್ತು. ಗ್ರಂಥಾಲಯಕ್ಕೆ ವಾರ್ಷಿಕ 3 ಡಾಲರ್ ಚಂದಾ ಕೊಡಬೇಕಿತ್ತು. ಊರಿನ ಮೇಲೆ ಹಾಕಿದ ಬಂಡವಾಳಕ್ಕೆ ಶೇಕಡಾ 6ರಷ್ಟು ಆದಾಯ ಬರಬೇಕೆಂಬುದು ಪುಲ್‌ಮನ್‌ನ ಲೆಕ್ಕವಾಗಿತ್ತು. ಊರಿನ ಒಂದು ಮನೆಯನ್ನೂ ಕಾರ್ಮಿಕನು ಕೊಂಡುಕೊಳ್ಳುವಂತಿರಲಿಲ್ಲ. ಎಲ್ಲರೂ ಕಂಪನಿಯ ಬಾಡಿಗೆದಾರರು. ಲಿಂಕನ್ನನ ಪಕ್ಷ ಯುದ್ಧಕ್ಕೆ ಮುಂಚೆ ಸಾರಿದ್ದ ಆದರ್ಶ ಏನೆಂದರೆ, ಕೂಲಿಯವನು ದುಡಿದು ಉಳಿಸಿ ಮುಂದೊಂದು ದಿನ ಸ್ವಂತ ಹೊಲವನ್ನೋ ಅಂಗಡಿಯನ್ನೋ ಮಾಡಿಕೊಳ್ಳುತ್ತಾನೆ, ಅದೇ ಸ್ವತಂತ್ರ ದುಡಿಮೆ ಎಂಬುದು. ಅದೇ ಪಕ್ಷದ ಆಳ್ವಿಕೆಯಲ್ಲಿ ಬೆಳೆದ ಈ ಮಾದರಿ ಊರಿನಲ್ಲಿ ಕಾರ್ಮಿಕನಿಗೆ ತನ್ನ ಬಾಗಿಲಿನ ಬೀಗವೂ ಸ್ವಂತದ್ದಾಗಿರಲಿಲ್ಲ.

1893ರಲ್ಲಿ ಆರ್ಥಿಕ ಕುಸಿತ ಬಂದಾಗ ಈ ವ್ಯವಸ್ಥೆಯ ನಿಜರೂಪ ಬಯಲಾಯಿತು. ಅದೇ ವರ್ಷ ಶಿಕಾಗೋದಲ್ಲಿ ನಡೆದ ವಿಶ್ವಮೇಳಕ್ಕೆ ಬಂದವರು ಮಾದರಿ ಊರನ್ನು ನೋಡಿ ಮೆಚ್ಚಿಕೊಂಡು ಹೋಗಿದ್ದರು. ಮೇಳ ಮುಗಿಯಿತು, ಬೋಗಿಗಳ ಬೇಡಿಕೆ ಇಳಿಯಿತು, ಕಂಪನಿ ಕೂಲಿಯನ್ನು ಸರಾಸರಿ ಕಾಲುಭಾಗದಷ್ಟು ಕಡಿತಗೊಳಿಸಿತು. ಬಾಡಿಗೆಯನ್ನು ಮಾತ್ರ ಇಳಿಸಲಿಲ್ಲ. ಮುಷ್ಕರದ ನಂತರ ತನಿಖೆ ನಡೆಸಿದ ಸರ್ಕಾರಿ ಆಯೋಗದ ಮುಂದೆ ಬಂದ ಲೆಕ್ಕದ ಪ್ರಕಾರ, 1893ರ ಜುಲೈಗೆ ಕೊನೆಗೊಂಡ ವರ್ಷದಲ್ಲಿ ಸುಮಾರು 72 ಲಕ್ಷ ಡಾಲರ್ ಇದ್ದ ಕೂಲಿಯ ಮೊತ್ತ ಮುಂದಿನ ವರ್ಷ ಸುಮಾರು 45 ಲಕ್ಷಕ್ಕೆ ಇಳಿಯಿತು. ಅದೇ ಅವಧಿಯಲ್ಲಿ ಷೇರುದಾರರಿಗೆ ಕೊಟ್ಟ ಲಾಭಾಂಶ 25 ಲಕ್ಷದಿಂದ 29 ಲಕ್ಷದ ಹತ್ತಿರಕ್ಕೆ ಏರಿತು. ಈ ಎರಡು ಸಾಲುಗಳನ್ನು ಒಟ್ಟಿಗಿಟ್ಟು ಓದಿದವರಿಗೆ ಮುಷ್ಕರದ ಕಾರಣವನ್ನು ಬೇರೆ ವಿವರಿಸಬೇಕಾಗಿಲ್ಲ.

ಬಾಡಿಗೆಯ ವಸೂಲಿ ನಡೆಯುತ್ತಿದ್ದ ರೀತಿಯನ್ನು ಹತ್ತಿರದಿಂದ ನೋಡಬೇಕು. ಕಾರ್ಮಿಕನಿಗೆ ಸಂಬಳದ ದಿನ ಎರಡು ಚೆಕ್ಕುಗಳು ಸಿಗುತ್ತಿದ್ದವು, ಒಂದು ಬಾಡಿಗೆಯ ಮೊತ್ತಕ್ಕೆ, ಇನ್ನೊಂದು ಉಳಿದದ್ದಕ್ಕೆ. ಬಾಡಿಗೆಯ ಚೆಕ್ಕಿಗೆ ಸಹಿ ಹಾಕಿ ಕಂಪನಿಯ ಬ್ಯಾಂಕಿಗೇ ಹಿಂತಿರುಗಿಸುವುದು ವಾಡಿಕೆಯಾಗಿತ್ತು. ಉಳಿದದ್ದು ಎಷ್ಟು ಎಂಬುದಕ್ಕೆ ಊರಿನ ಮೆಥಡಿಸ್ಟ್ ಪಾದ್ರಿ ವಿಲಿಯಂ ಕಾರ್ವರ್ಡೀನ್ ಹೇಳಿದ ಉದಾಹರಣೆಯೊಂದಿದೆ. ಒಬ್ಬ ಕಾರ್ಮಿಕನಿಗೆ ಬಾಡಿಗೆ ಕಳೆದು ಕೈಗೆ ಬಂದ ಚೆಕ್ಕು 2 ಸೆಂಟ್‌ಗಳದ್ದು. ಆತ ಅದನ್ನು ನಗದು ಮಾಡಿಸದೆ ಚೌಕಟ್ಟು ಹಾಕಿಸಿ ಇಟ್ಟುಕೊಂಡಿದ್ದ. ಹೊಲಿಗೆ ವಿಭಾಗದಲ್ಲಿ ಕೆಲಸ ಮಾಡುತ್ತಿದ್ದ ಜೆನಿ ಕರ್ಟಿಸ್ ಎಂಬ ಯುವತಿ ರೈಲ್ವೆ ಕಾರ್ಮಿಕರ ಸಮ್ಮೇಳನದ ಮುಂದೆ ನಿಂತು ಹೇಳಿದ ಮಾತೂ ಅಷ್ಟೇ ಕಟುವಾದದ್ದು. ವರ್ಷಗಳ ಕಾಲ ಇದೇ ಕಂಪನಿಯಲ್ಲಿ ದುಡಿದ ಆಕೆಯ ತಂದೆ ತೀರಿಕೊಂಡಾಗ 60 ಡಾಲರ್ ಬಾಡಿಗೆ ಬಾಕಿಯಿತ್ತು, ಅದನ್ನು ಕಂಪನಿ ಮಗಳ ಕೂಲಿಯಿಂದ ಹಿಡಿದುಕೊಳ್ಳುತ್ತಿತ್ತು. ತಂದೆಯ ಸಾಲ ಮಗಳ ದುಡಿಮೆಯ ಮೇಲೆ ಹೇರಲ್ಪಡುವುದು, ಗುಲಾಮಗಿರಿಯನ್ನು ನಿಷೇಧಿಸಿ ಮೂವತ್ತು ವರ್ಷವೂ ತುಂಬಿರದ ದೇಶದಲ್ಲಿ, ಅತ್ಯಾಧುನಿಕವೆಂದು ಹೆಸರಾದ ಊರಿನಲ್ಲಿ ನಡೆಯುತ್ತಿತ್ತು.

1894ರ ಮೇ ತಿಂಗಳಲ್ಲಿ ಅಹವಾಲು ಹೇಳಲು ಹೋದ ಸಮಿತಿಯ ಮೂವರನ್ನು ಕೆಲಸದಿಂದ ತೆಗೆದಾಗ, 11ರಂದು ಕಾರ್ಖಾನೆಯ ಕಾರ್ಮಿಕರು ಹೊರನಡೆದರು. ಯೂಜೀನ್ ಡೆಬ್ಸ್‌ನ ನೇತೃತ್ವದ ಅಮೆರಿಕನ್ ರೈಲ್ವೆ ಯೂನಿಯನ್ ಸಂಧಾನಕ್ಕೆ ಯತ್ನಿಸಿತು. ಕಂಪನಿ ಮಧ್ಯಸ್ಥಿಕೆಯನ್ನು ನಿರಾಕರಿಸಿತು. ಜೂನ್ 26ರಿಂದ ಪುಲ್‌ಮನ್ ಬೋಗಿಗಳಿರುವ ಯಾವ ಗಾಡಿಯನ್ನೂ ಮುಟ್ಟುವುದಿಲ್ಲವೆಂದು ಯೂನಿಯನ್ ಬಹಿಷ್ಕಾರ ಹೂಡಿತು. ಕೆಲವೇ ದಿನಗಳಲ್ಲಿ ಒಂದು ಲಕ್ಷಕ್ಕೂ ಹೆಚ್ಚು ರೈಲ್ವೆ ನೌಕರರು ಕೆಲಸ ಬಿಟ್ಟರು, ಶಿಕಾಗೋದಿಂದ ಪಶ್ಚಿಮಕ್ಕೆ ಹೋಗುವ ಹಳಿಗಳು ಸ್ತಬ್ಧವಾದವು.

ಮುಂದೆ ನಡೆದದ್ದನ್ನು ಅಂತರ್ಯುದ್ಧದ ನೆನಪಿನೊಂದಿಗೆ ಓದಿದಾಗ ಅದರ ರಾಜಕೀಯ ಅರ್ಥ ಹೊಳೆಯುತ್ತದೆ. ಅಟಾರ್ನಿ ಜನರಲ್ ರಿಚರ್ಡ್ ಓಲ್ನಿ ರೈಲ್ವೆ ಕಂಪನಿಗಳ ವಕೀಲನಾಗಿದ್ದವನು. ಆತನ ಇಲಾಖೆ ಅಂಚೆಯ ಸಾಗಣೆಗೆ ಮತ್ತು ಅಂತರರಾಜ್ಯ ವಾಣಿಜ್ಯಕ್ಕೆ ಅಡ್ಡಿಯಾಗುತ್ತಿದೆಯೆಂದು ಫೆಡರಲ್ ನ್ಯಾಯಾಲಯದಿಂದ ತಡೆಯಾಜ್ಞೆ ತಂದಿತು. ಅದಕ್ಕೆ ಆಧಾರವಾಗಿ ಬಳಸಿದ ಕಾನೂನುಗಳಲ್ಲಿ, ದೊಡ್ಡ ಉದ್ಯಮಗಳ ಏಕಸ್ವಾಮ್ಯವನ್ನು ಮುರಿಯಲೆಂದು 1890ರಲ್ಲಿ ತಂದಿದ್ದ ಶರ್ಮನ್ ಕಾನೂನೂ ಒಂದು. ಜುಲೈ ಮೊದಲ ವಾರದಲ್ಲಿ ಅಧ್ಯಕ್ಷ ಗ್ರೋವರ್ ಕ್ಲೀವ್‌ಲ್ಯಾಂಡ್ ಸೈನ್ಯವನ್ನು ಶಿಕಾಗೋಗೆ ಕಳಿಸಿದ. ರಾಜ್ಯ ಕೇಳದೆಯೇ ಸೈನ್ಯ ಬಂದದ್ದನ್ನು ಇಲಿನಾಯ್ ರಾಜ್ಯಪಾಲ ಜಾನ್ ಆಲ್ಟ್‌ಗೆಲ್ಡ್ ಬಲವಾಗಿ ಪ್ರತಿಭಟಿಸಿದ. ರಾಜ್ಯಗಳ ಹಕ್ಕುಗಳ ಹೆಸರಿನಲ್ಲಿ ತಲೆಮಾರುಗಳಿಂದ ರಾಜಕೀಯ ಮಾಡುತ್ತಿದ್ದ ಡೆಮಾಕ್ರಟಿಕ್ ಪಕ್ಷದ ಅಧ್ಯಕ್ಷನೇ ತನ್ನದೇ ಪಕ್ಷದ ರಾಜ್ಯಪಾಲನ ವಿರೋಧವನ್ನು ಲೆಕ್ಕಿಸದೆ ಸೈನ್ಯ ನುಗ್ಗಿಸಿದನೆಂದರೆ, ಕೇಂದ್ರ ದೊಡ್ಡದೋ ರಾಜ್ಯ ದೊಡ್ಡದೋ ಎಂಬ ಪ್ರಶ್ನೆಯನ್ನು ಯುದ್ಧ ಎಷ್ಟು ಆಳವಾಗಿ ಬದಲಾಯಿಸಿತ್ತು ಎಂಬುದು ತಿಳಿಯುತ್ತದೆ. ಆದರೆ ಆ ಅಧಿಕಾರ ಯಾರ ಪರವಾಗಿ ಚಲಾವಣೆಯಾಯಿತು ಎಂಬುದನ್ನೂ ಕೇಳಬೇಕು. ಬಿಡುಗಡೆಯಾದ ಕಪ್ಪು ಜನರ ಮತದಾನದ ಹಕ್ಕಿಗೆ ಆಸರೆಯಾಗಿ ದಕ್ಷಿಣದ ರಾಜಧಾನಿಗಳಲ್ಲಿ ಉಳಿದಿದ್ದ ಸೈನಿಕರನ್ನು 1877ರಲ್ಲಿ ಅಧ್ಯಕ್ಷ ಹೇಯ್ಸ್ ಹಿಂದಕ್ಕೆ ಕರೆಸಿಕೊಂಡ. ಅದೇ ವರ್ಷದ ಬೇಸಿಗೆಯಲ್ಲಿ ರೈಲ್ವೆ ಮುಷ್ಕರವನ್ನು ಮುರಿಯಲು ಸೈನ್ಯವನ್ನು ಬಳಸಿದ. 1894ರಲ್ಲಿ ಅದು ಇನ್ನೂ ದೊಡ್ಡ ಪ್ರಮಾಣದಲ್ಲಿ ನಡೆಯಿತು. ಸಂವಿಧಾನದ ಹದಿನಾಲ್ಕನೆಯ ತಿದ್ದುಪಡಿಯ ಕಥೆಯೂ ಇದೇ ದಿಕ್ಕಿನದು. ಬಿಡುಗಡೆಯಾದವರ ರಕ್ಷಣೆಗೆಂದು 1868ರಲ್ಲಿ ಬಂದ ಆ ತಿದ್ದುಪಡಿಯ ಆಸರೆಯನ್ನು ನ್ಯಾಯಾಲಯಗಳು ಕ್ರಮೇಣ ಕಂಪನಿಗಳಿಗೂ ಧಾರಾಳವಾಗಿ ವಿಸ್ತರಿಸಿದವು.

ಮುಷ್ಕರ ಸೋತಿತು. ಡೆಬ್ಸ್ ತಡೆಯಾಜ್ಞೆ ಮೀರಿದ್ದಕ್ಕಾಗಿ ಆರು ತಿಂಗಳ ಸೆರೆವಾಸ ಅನುಭವಿಸಿದ, ಸುಪ್ರೀಂ ಕೋರ್ಟು 1895ರಲ್ಲಿ ಒಮ್ಮತದಿಂದ ಆ ಶಿಕ್ಷೆಯನ್ನು ಎತ್ತಿಹಿಡಿಯಿತು. ಸೆಪ್ಟೆಂಬರಿನ ಮೊದಲ ಸೋಮವಾರವನ್ನು ಕಾರ್ಮಿಕರ ದಿನವಾಗಿ ರಾಷ್ಟ್ರೀಯ ರಜೆ ಮಾಡುವ ಕಾನೂನಿಗೆ ಕ್ಲೀವ್‌ಲ್ಯಾಂಡ್ ಸಹಿ ಹಾಕಿದ್ದು 1894ರ ಜೂನ್ 28ರಂದು, ಸೈನ್ಯ ಕಳಿಸುವ ಕೆಲವೇ ದಿನಗಳ ಮುಂಚೆ. ಪುಲ್‌ಮನ್ 1897ರಲ್ಲಿ ತೀರಿಕೊಂಡ. ಮರುವರ್ಷ ಇಲಿನಾಯ್ ಸುಪ್ರೀಂ ಕೋರ್ಟು, ಬೋಗಿ ತಯಾರಿಸಲು ಪರವಾನಗಿ ಪಡೆದ ಕಂಪನಿಗೆ ಊರನ್ನು ಹೊಂದುವ ಅಧಿಕಾರವಿಲ್ಲವೆಂದು ತೀರ್ಪಿತ್ತು, ಮನೆಗಳನ್ನು ಮಾರುವಂತೆ ಆದೇಶಿಸಿತು.

ಇಲ್ಲಿಗೆ ಸಂದರ್ಶನ ಮುಗಿಯಿತೆಂದು ಹಿಂತಿರುಗುವವರು ಬಹಳ ಮಂದಿ, ಅದು ಸರಿಯಲ್ಲ. ಉತ್ತರಕ್ಕೆ ಕೆಲವು ಬೀದಿಗಳ ಆಚೆ ಎ. ಫಿಲಿಪ್ ರ್ಯಾಂಡಾಲ್ಫ್ ಪುಲ್‌ಮನ್ ಪೋರ್ಟರ್ ರಾಷ್ಟ್ರೀಯ ವಸ್ತುಸಂಗ್ರಹಾಲಯವಿದೆ. ಉದ್ಯಾನಕ್ಕಿಂತ ಇಪ್ಪತ್ತು ವರ್ಷ ಮೊದಲೇ, 1995ರಲ್ಲಿ ಆರಂಭವಾದ ಈ ಖಾಸಗಿ ಸಂಸ್ಥೆ ಒಂದು ಸಾಲುಮನೆಯ ಕಟ್ಟಡದಲ್ಲಿ ನಡೆಯುತ್ತಿದೆ. ಗಾತ್ರದಲ್ಲಿ ಚಿಕ್ಕದಾದರೂ ಇಡೀ ಕಥೆಯ ಇನ್ನರ್ಧ ಇಲ್ಲಿದೆ.

ಬಿಡುಗಡೆಯಾದ ಗುಲಾಮರನ್ನೇ ಪುಲ್‌ಮನ್ ಪೋರ್ಟರ್‌ಗಳನ್ನಾಗಿ ನೇಮಿಸಿಕೊಂಡದ್ದು ಆಕಸ್ಮಿಕವಲ್ಲ. ಯಜಮಾನರ ಮನೆಗಳಲ್ಲಿ ಸೇವೆ ಮಾಡಿ ಅಭ್ಯಾಸವಿದ್ದವರು ಕಡಿಮೆ ಕೂಲಿಗೆ ಸಿಗುತ್ತಾರೆಂಬುದು ಅದರ ಹಿಂದಿನ ಲೆಕ್ಕ. ಹಾಸಿಗೆ ಹಾಸುವುದು, ಪ್ರಯಾಣಿಕರ ಬೂಟು ಉಜ್ಜುವುದು, ಪೆಟ್ಟಿಗೆ ಹೊರುವುದು, ರಾತ್ರಿಯಿಡೀ ಕರೆಗಂಟೆಗೆ ಓಗೊಡುವುದು ಅವರ ಕೆಲಸ. ಬೂಟಿನ ಪಾಲಿಶ್ ಕೂಡ ಸ್ವಂತ ಹಣದಿಂದಲೇ. ತಿಂಗಳಿಗೆ ಸುಮಾರು 400 ಗಂಟೆ ಅಥವಾ 11,000 ಮೈಲಿ ಪೂರೈಸಬೇಕಿತ್ತು. ಸಂಬಳ ಸಾಲದೆ ಪ್ರಯಾಣಿಕರು ಕೊಡುವ ಭಕ್ಷೀಸಿನ ಮೇಲೆ ಬದುಕು ನಡೆಯುತ್ತಿತ್ತು. ಕಂಡಕ್ಟರ್ ಹುದ್ದೆ ಬಿಳಿಯರಿಗೆ ಮೀಸಲು. ಪ್ರಯಾಣಿಕರು ಯಾವ ಪೋರ್ಟರನನ್ನೂ ಅವನ ಹೆಸರಿನಿಂದ ಕರೆಯದೆ ಮಾಲೀಕನ ಹೆಸರಾದ ಜಾರ್ಜ್ ಎಂದು ಕರೆಯುತ್ತಿದ್ದರು, ಗುಲಾಮನನ್ನು ಒಡೆಯನ ಹೆಸರಿನಿಂದ ಗುರುತಿಸುತ್ತಿದ್ದ ಪದ್ಧತಿಯ ಮುಂದುವರಿಕೆಯಾಗಿ. ಪುಲ್‌ಮನ್‌ನ ನಂತರ ಈ ಕಂಪನಿಯ ಅಧ್ಯಕ್ಷನಾಗಿ 1911ರವರೆಗೆ ಇದ್ದವನು ರಾಬರ್ಟ್ ಟಾಡ್ ಲಿಂಕನ್, ಗುಲಾಮರ ಬಿಡುಗಡೆಯ ಘೋಷಣೆಗೆ ಸಹಿ ಹಾಕಿದ ಅಬ್ರಹಾಂ ಲಿಂಕನ್ನನ ಮಗ. ಈ ಸಂಗತಿಯನ್ನು ಮೊದಲ ಸಲ ಓದಿದವರು ಸ್ವಲ್ಪ ಹೊತ್ತು ನಿಂತು ಯೋಚಿಸದೆ ಮುಂದೆ ಹೋಗಲಾರರು.

ಕಪ್ಪು ಕಾರ್ಮಿಕರಿಗೆ ಬಿಳಿಯ ಕಾರ್ಮಿಕರ ಸಂಘಟನೆಯೂ ಜೊತೆಗೆ ನಿಲ್ಲಲಿಲ್ಲ. 1894ರ ಸಮ್ಮೇಳನದಲ್ಲಿ ಡೆಬ್ಸ್ ಒತ್ತಾಯಿಸಿದರೂ ಅಮೆರಿಕನ್ ರೈಲ್ವೆ ಯೂನಿಯನ್ನಿನ ಪ್ರತಿನಿಧಿಗಳು ಕಪ್ಪು ಜನರಿಗೆ ಸದಸ್ಯತ್ವ ಕೊಡಬಾರದೆಂದು ಅಲ್ಪ ಬಹುಮತದಿಂದ ತೀರ್ಮಾನಿಸಿದರು. ಮುಷ್ಕರದ ವೀರಗಾಥೆಯನ್ನು ಹೇಳುವವರು ಈ ಮಾತನ್ನು ಬಿಟ್ಟುಬಿಡಬಾರದು. ಎರಡು ವರ್ಷಗಳ ನಂತರ, 1896ರಲ್ಲಿ, ಲೂಯಿಸಿಯಾನಾದಲ್ಲಿ ಬಿಳಿಯರಿಗೆ ಮೀಸಲಾದ ರೈಲು ಬೋಗಿಯಲ್ಲಿ ಕುಳಿತ ಹೋಮರ್ ಪ್ಲೆಸಿಯ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಬಣ್ಣದ ಆಧಾರದ ಪ್ರತ್ಯೇಕತೆಯನ್ನು ಕಾನೂನುಬದ್ಧವೆಂದು ಸಾರಿತು. ದೇಶವನ್ನು ಒಂದುಗೂಡಿಸಿದ್ದೆಂದು ಹೊಗಳಿಸಿಕೊಂಡ ರೈಲೇ ಜನರನ್ನು ಬೇರ್ಪಡಿಸುವ ಕಾನೂನಿಗೆ ವೇದಿಕೆಯಾಯಿತು.

ಪೋರ್ಟರ್‌ಗಳು ಇದಕ್ಕೆ ಉತ್ತರ ಕೊಟ್ಟದ್ದು ನಿಧಾನವಾಗಿ, ಆದರೆ ಗಟ್ಟಿಯಾಗಿ. ಶಿಕಾಗೋದ ಕಪ್ಪು ಜನರ ಪತ್ರಿಕೆಯಾದ ಡಿಫೆಂಡರ್‌ನ ಪ್ರತಿಗಳನ್ನು ದಕ್ಷಿಣದ ಊರುಗಳಿಗೆ ಸಾಗಿಸಿದವರು ಅವರೇ. 1925ರಲ್ಲಿ ಕಪ್ಪು ಜನರ ಕಾರ್ಮಿಕ ನಾಯಕ ಎ. ಫಿಲಿಪ್ ರ್ಯಾಂಡಾಲ್ಫ್‌ನ ನೇತೃತ್ವದಲ್ಲಿ ಸ್ಲೀಪಿಂಗ್ ಕಾರ್ ಪೋರ್ಟರ್‌ಗಳ ಬ್ರದರ್‌ಹುಡ್ ಎಂಬ ಕಾರ್ಮಿಕ ಸಂಘ ಹುಟ್ಟಿತು. ಹನ್ನೆರಡು ವರ್ಷ ಹೋರಾಡಿ 1937ರಲ್ಲಿ ಕಂಪನಿಯೊಂದಿಗೆ ಒಪ್ಪಂದ ಮಾಡಿಕೊಂಡಿತು. ಕೆಲಸದ ಅವಧಿ ತಿಂಗಳಿಗೆ 240 ಗಂಟೆಗೆ ಇಳಿಯಿತು, ಸಂಬಳ ಏರಿತು. ಮುಂದೆ 1955ರಲ್ಲಿ ಮಾಂಟ್‌ಗಮರಿಯಲ್ಲಿ ಬಿಳಿಯ ಪ್ರಯಾಣಿಕನಿಗೆ ಬಸ್ಸಿನ ಸೀಟು ಬಿಟ್ಟುಕೊಡದ ರೋಸಾ ಪಾರ್ಕ್ಸ್‌ರ ಬಂಧನವಾದಾಗ ಜಾಮೀನು ಕೊಡಿಸಲು ಧಾವಿಸಿದ ಇ. ಡಿ. ನಿಕ್ಸನ್ ಒಬ್ಬ ಪುಲ್‌ಮನ್ ಪೋರ್ಟರ್. ಕಪ್ಪು ಜನರ ಸಮಾನ ಹಕ್ಕುಗಳಿಗಾಗಿ ನಡೆದ 1963ರ ವಾಷಿಂಗ್ಟನ್ ಮೆರವಣಿಗೆಯ ಮುಂದಾಳು ರ್ಯಾಂಡಾಲ್ಫ್. 1877ರಲ್ಲಿ ಕೈಬಿಟ್ಟ ಕೆಲಸವನ್ನು ಮತ್ತೆ ಕೈಗೆತ್ತಿಕೊಂಡವರು ಇದೇ ಬೋಗಿಗಳಲ್ಲಿ ಹಾಸಿಗೆ ಹಾಸುತ್ತಿದ್ದವರು.

ಈ ತಾಣದ ಬಗ್ಗೆ ನನಗಿರುವ ಮುಖ್ಯ ಆಕ್ಷೇಪವೂ ಇಲ್ಲಿಂದಲೇ ಹುಟ್ಟುತ್ತದೆ. ಊರಿನ ಕಥೆ ಒಂದು ಕಡೆ, ಪೋರ್ಟರ್‌ಗಳ ಕಥೆಯ ಹೆಚ್ಚಿನ ಭಾಗ ಇನ್ನೊಂದು ಕಡೆ, ಅದೂ ಬೇರೆ ಆಡಳಿತದ ಕೆಳಗೆ ಇರುವುದರಿಂದ ಇವೆರಡರ ಸಂಬಂಧವನ್ನು ಸಂದರ್ಶಕನೇ ಹೆಣೆದುಕೊಳ್ಳಬೇಕಾಗುತ್ತದೆ. ಎರಡನೆಯ ತೊಡಕು ಊರಿನ ಚೆಲುವಿನದ್ದೇ. ಇಷ್ಟು ಹಸನಾದ ಬೀದಿಗಳಲ್ಲಿ ನಡೆಯುವಾಗ, ಬಡ ಕಾರ್ಮಿಕರು ದೂರಲು ಇಲ್ಲಿ ಏನಿತ್ತು ಎಂಬ ಭಾವನೆ ಸುಲಭವಾಗಿ ಬಂದುಬಿಡುತ್ತದೆ. ತೀರ ಕಡಿಮೆ ಬಾಡಿಗೆಯ ಇಕ್ಕಟ್ಟಾದ ಬಹುಮಹಡಿ ವಸತಿಗಳಲ್ಲಿ ಹೆಚ್ಚಿನವು ಉಳಿಯದೆ, ಉತ್ತಮವಾದವುಗಳೇ ಉಳಿದಿರುವುದು ಈ ಭಾವನೆಯನ್ನು ಬಲಪಡಿಸುತ್ತದೆ. 1894ರ ಆಯೋಗವೇ ತನ್ನ ವರದಿಯಲ್ಲಿ, ನೋಡಲು ಬಂದವರು ಮೆಚ್ಚುವ ಈ ಸೌಂದರ್ಯಕ್ಕೆ ಹೊಟ್ಟೆಗಿಲ್ಲದ ಕಾರ್ಮಿಕನ ಪಾಲಿಗೆ ಹೆಚ್ಚಿನ ಬೆಲೆಯಿಲ್ಲವೆಂಬ ಅರ್ಥದ ಮಾತು ಹೇಳಿದೆ. ಆ ವರದಿ ಅಂತರ್ಜಾಲದಲ್ಲಿ ಓದಲು ಸಿಗುತ್ತದೆ. ಹೋಗುವ ಮೊದಲು ಸಾಕ್ಷಿಗಳ ಹೇಳಿಕೆಗಳನ್ನಾದರೂ ಓದಿಕೊಂಡು ಹೋಗಬೇಕೆಂದು ನನ್ನ ಒತ್ತಾಯ.

ಶಿಕಾಗೋದ ನಡುಭಾಗದಿಂದ ಇಲ್ಲಿಗೆ ಸುಮಾರು 14 ಮೈಲಿ. ಮೆಟ್ರಾ ಎಲೆಕ್ಟ್ರಿಕ್ ರೈಲುಮಾರ್ಗ ಬಡಾವಣೆಯ ಪಕ್ಕದಲ್ಲೇ ಹಾದುಹೋಗುತ್ತದೆ, ಆದರೆ ಎಲ್ಲ ಗಾಡಿಗಳೂ ಎಲ್ಲ ನಿಲ್ದಾಣಗಳಲ್ಲಿ ನಿಲ್ಲದ ಕಾರಣ ವೇಳಾಪಟ್ಟಿ ನೋಡಿಕೊಂಡು ಹೊರಡುವುದು ಒಳ್ಳೆಯದು. ಎರಡೂ ಸಂಗ್ರಹಾಲಯಗಳು ತೆರೆದಿರುವ ದಿನವನ್ನು ಮೊದಲೇ ವಿಚಾರಿಸಿ, ಒಂದು ಪೂರ್ತಿ ದಿನವನ್ನು ಇದಕ್ಕೆಂದೇ ಇಟ್ಟುಕೊಳ್ಳಬೇಕು. ಸಾಲುಮನೆಗಳಲ್ಲಿ ಇಂದಿಗೂ ಕುಟುಂಬಗಳು ವಾಸಿಸುತ್ತಿವೆ. 1960ರಲ್ಲಿ ಇಡೀ ಬಡಾವಣೆಯನ್ನು ಕೆಡವಿ ಕೈಗಾರಿಕಾ ಪ್ರದೇಶ ಮಾಡುವ ಪ್ರಸ್ತಾಪ ಬಂದಾಗ ಸಂಘ ಕಟ್ಟಿಕೊಂಡು ಅದನ್ನು ತಡೆದವರು ಇಲ್ಲಿನ ನಿವಾಸಿಗಳೇ ಆದ್ದರಿಂದ, ಅವರ ಅಂಗಳಕ್ಕೆ ನುಗ್ಗದೆ, ಕಿಟಕಿಗಳತ್ತ ಕ್ಯಾಮೆರಾ ತಿರುಗಿಸದೆ ನಡೆಯುವ ಸೌಜನ್ಯ ಅವರಿಗೆ ಸಲ್ಲಬೇಕು. ಮನೆಗಳ ಒಳಗನ್ನೂ ನೋಡಬೇಕೆನ್ನುವವರು, ನಿವಾಸಿಗಳು ತಮ್ಮ ಕೆಲವು ಮನೆಗಳನ್ನು ಸಾರ್ವಜನಿಕರಿಗೆ ತೆರೆಯುವ ವಾರ್ಷಿಕ ಗೃಹದರ್ಶನ ಸಾಮಾನ್ಯವಾಗಿ ಅಕ್ಟೋಬರ್ ತಿಂಗಳಲ್ಲಿ ನಡೆಯುವುದರಿಂದ, ಆ ಸಮಯಕ್ಕೆ ಹೊಂದಿಸಿಕೊಂಡು ಹೋಗುವುದು ಉತ್ತಮ.